ಎರಿ ಮಣ್ಣಿನ ಎಂಜೈಮ್ ಟೆಸ್ಟ್: ಸತ್ತ ಮಣ್ಣಿನ ಟ್ಯೂಬೂ ಕೆಂಪು, ಫಾಸ್ಫಟೇಸ್ ಕಂಟ್ರೋಲೂ ಹಳದಿ. ತಪ್ಪು ಎಲ್ಲಿ?

ಎರಿಮಣ್ಣು, ರಾಯಚೂರು:

ನಮಸ್ಕಾರ ರೀ. ಮಣ್ಣಿನ ಎಂಜೈಮ್ ಟೆಸ್ಟ್ ಮಾಡುವವರು ಇಲ್ಲಿದ್ದರೆ ಸ್ವಲ್ಪ ನೋಡ್ರಿ.

ಮಣ್ಣು ಎರಡು ತರಹದ್ದು. ಒಂದು ಸಿಂಧನೂರು ಕಡೆಯ ಕಾಲುವೆ ನೀರಿನ ಭತ್ತದ ಗದ್ದೆ, ಇನ್ನೊಂದು ರಾಯಚೂರು ಹತ್ತಿರದ ಮಳೆಯಾಶ್ರಿತ ತೊಗರಿ ಹೊಲ. ಎರಡೂ ಕಪ್ಪು ಎರಿ, ಪಿಎಚ್ 8.2ರಿಂದ 8.5. ಒಟ್ಟು 60 ಸ್ಯಾಂಪಲ್, ಒಂದೊಂದಕ್ಕೆ ಮೂರು ಟ್ಯೂಬ್.

ಡಿಹೈಡ್ರೋಜಿನೇಸ್‌ಗೆ (ಮಣ್ಣಿನ ಜೀವಿಗಳ ಉಸಿರಾಟದ ಎಂಜೈಮ್) ಟಿಟಿಸಿ (ಟ್ರೈಫಿನೈಲ್ ಟೆಟ್ರಜೋಲಿಯಂ ಕ್ಲೋರೈಡ್) ವಿಧಾನ ಹಿಡಿದಿದ್ದೇನೆ. 20 ಗ್ರಾಂ ಮಣ್ಣಿಗೆ 0.2 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್ ಬೆರೆಸಿ, ಅದರಲ್ಲಿ 6 ಗ್ರಾಂ ಟ್ಯೂಬಿಗೆ ಹಾಕಿ, 3% ಟಿಟಿಸಿ 1 ಮಿಲಿ, ಡಿಸ್ಟಿಲ್ಡ್ ನೀರು 2.5 ಮಿಲಿ. 37 ಡಿಗ್ರಿಯಲ್ಲಿ 24 ತಾಸು. ಆಮೇಲೆ ಮೆಥನಾಲ್‌ನಲ್ಲಿ ತೆಗೆದು 100 ಮಿಲಿಗೆ ಮಾಡಿ 485 ನ್ಯಾನೋಮೀಟರ್‌ನಲ್ಲಿ ರೀಡಿಂಗ್. ಆಟೋಕ್ಲೇವ್‌ನಲ್ಲಿ ಒಂದು ಸಲ ಬೇಯಿಸಿದ ಮಣ್ಣನ್ನು ಕಂಟ್ರೋಲ್ ಇಟ್ಟರೆ ಅದೂ ತಿಳಿಗೆಂಪಾಗುತ್ತದೆ, 0.10ರಿಂದ 0.12. ಜೀವಂತ ಮಣ್ಣಿನ ಮೂರು ಟ್ಯೂಬುಗಳೂ ಒಂದಕ್ಕೊಂದು ಕೂಡುವುದಿಲ್ಲ, ಹೆಚ್ಚು ಕಡಿಮೆ ಕಾಲು ಭಾಗದಷ್ಟು ಏರುಪೇರು.

ಕ್ಷಾರೀಯ ಫಾಸ್ಫಟೇಸ್‌ಗೆ (ಸಾವಯವ ರಂಜಕದಿಂದ ಫಾಸ್ಫೇಟ್ ಬಿಡಿಸುವ ಎಂಜೈಮ್) ಪಿಎನ್‌ಪಿಪಿ, ಅಂದರೆ ಎಂಜೈಮ್ ಒಡೆದರೆ ಹಳದಿ ಪಿ-ನೈಟ್ರೋಫಿನಾಲ್ ಕೊಡುವ ಸಬ್‌ಸ್ಟ್ರೇಟ್. 1 ಗ್ರಾಂ ಮಣ್ಣು, ಪಿಎಚ್ 11ರ ಎಂಯುಬಿ (ಮಾಡಿಫೈಡ್ ಯೂನಿವರ್ಸಲ್) ಬಫರ್ 4 ಮಿಲಿ, ಸಬ್‌ಸ್ಟ್ರೇಟ್ 1 ಮಿಲಿ, 37 ಡಿಗ್ರಿಯಲ್ಲಿ ಒಂದು ತಾಸು, ಕ್ಯಾಲ್ಸಿಯಂ ಕ್ಲೋರೈಡ್ 1 ಮಿಲಿ, ಸೋಡಿಯಂ ಹೈಡ್ರಾಕ್ಸೈಡ್ 4 ಮಿಲಿ. ಇಲ್ಲಿ ಕಂಟ್ರೋಲೇ 405ರಲ್ಲಿ 0.45 ತೋರಿಸುತ್ತದೆ. ಕೆಲವು ಫ್ಲಾಸ್ಕುಗಳು ಹಳದಿಯ ಬದಲು ಕಂದು ಬಣ್ಣಕ್ಕೆ ತಿರುಗಿ ಫಿಲ್ಟರ್ ಕಾಗದದ ಮೇಲೇ ನಿಂತುಬಿಡುತ್ತವೆ.

ಯಾವುದನ್ನು ಮೊದಲು ಸರಿಮಾಡಬೇಕು? ಮೆಥನಾಲ್ ಖರ್ಚೂ ಭಾಳ ಆಗ್ತದ, ಅದಕ್ಕೇನಾದರೂ ದಾರಿ ಇದ್ದರೆ ತಿಳಿಸ್ರಿ.

ಕಪ್ಪುನೆಲ, ಗಂಗಾವತಿ:

ಟಿಟಿಸಿ ಬಗ್ಗೆ ನಾನು ಬರೆಯುತ್ತೇನೆ, ಫಾಸ್ಫಟೇಸ್ ಬೇರೆಯವರು ಹೇಳಲಿ.

ಟಿಟಿಸಿ ನೀರಿನಲ್ಲಿ ಕರಗುವ ಬಣ್ಣವಿಲ್ಲದ ಲವಣ. ಎಲೆಕ್ಟ್ರಾನ್ ಸಿಕ್ಕರೆ ಕೆಂಪು ಟಿಪಿಎಫ್ (ಟ್ರೈಫಿನೈಲ್ ಫಾರ್ಮಜಾನ್) ಆಗುತ್ತದೆ. ಅದು ನೀರಿನಲ್ಲಿ ಕರಗದು, ಮೆಥನಾಲ್‌ನಲ್ಲಿ ಕರಗುತ್ತದೆ. ಎಲೆಕ್ಟ್ರಾನ್ ಕೊಟ್ಟವರು ಯಾರು ಅನ್ನುವುದು ಬಣ್ಣದಲ್ಲಿ ಕಾಣುವುದಿಲ್ಲ. ಸೂಕ್ಷ್ಮಜೀವಿಯ ಎಂಜೈಮ್ ಕೊಟ್ಟರೂ ಕೆಂಪು, ನೀರು ನಿಂತ ಗದ್ದೆಯ ಸಲ್ಫೈಡ್ ಕೊಟ್ಟರೂ ಕೆಂಪು, ಬೆಳಕಿಗೆ ಕೆಟ್ಟರೂ ಕೆಂಪು. ಹಾಗಾಗಿ ಒಂದೇ ಕಂಟ್ರೋಲ್ ಸಾಲದು, ಮೂರು ಬೇಕು. ಮಣ್ಣು ಮತ್ತು ನೀರು ಇದ್ದು ಟಿಟಿಸಿ ಇಲ್ಲದ್ದು: ಇದು ಮಣ್ಣಿನ ಸ್ವಂತ ಬಣ್ಣ. ಟಿಟಿಸಿ ಮತ್ತು ನೀರು ಇದ್ದು ಮಣ್ಣಿಲ್ಲದ್ದು: ಇದು ರಿಯೇಜೆಂಟಿನ ದೋಷ. ಸತ್ತ ಮಣ್ಣಿಗೆ ಟಿಟಿಸಿ ಹಾಕಿದ್ದು: ಇದು ರಾಸಾಯನಿಕವಾಗಿ ಆದ ಕೆಂಪು. ನೀವು ಮೂರನೆಯದನ್ನು ಮಾತ್ರ ಇಟ್ಟಿದ್ದೀರಿ, ಹಾಗಾಗಿ 0.12 ಎಲ್ಲಿಂದ ಬಂತೆಂದು ಗೊತ್ತಾಗುತ್ತಿಲ್ಲ.

ಮೊದಲು ಮಣ್ಣಿಲ್ಲದ ಟ್ಯೂಬ್ ನೋಡ್ರಿ. ಅದು ಕೆಂಪಾದರೆ ಬಾಟ್ಲಿ ಕೆಟ್ಟಿದೆ. ಪುಡಿ ಬಿಳಿ ಅಥವಾ ತೀರಾ ತಿಳಿ ಕೆನೆಬಣ್ಣ ಇರಬೇಕು. 3 ಗ್ರಾಂ ತೂಗಿ 100 ಮಿಲಿ ಮಾಡಿದ ದ್ರಾವಣವನ್ನು ಕಂದು ಬಾಟ್ಲಿಯಲ್ಲಿ, ಮೇಲೆ ಫಾಯಿಲ್ ಸುತ್ತಿ, 4 ಡಿಗ್ರಿಯಲ್ಲಿ ಇಡಬೇಕು. ಗುಲಾಬಿ ಛಾಯೆ ಬಂದರೆ ಚೆಲ್ಲಿಬಿಡಿ. ಇನ್‌ಕ್ಯುಬೇಷನ್ ಹೊತ್ತಿನಲ್ಲೂ ಟ್ಯೂಬುಗಳಿಗೆ ಫಾಯಿಲ್ ಇರಲಿ. ಗಾಜಿನ ಬಾಗಿಲಿನ ಇನ್‌ಕ್ಯುಬೇಟರ್ ಕಿಟಕಿ ಎದುರಿಗಿದ್ದರೆ ಮುಂದಿನ ಸಾಲಿನ ಟ್ಯೂಬುಗಳು ಹೆಚ್ಚು ಕೆಂಪಾಗುತ್ತವೆ, ಮೂರು ಟ್ಯೂಬು ಒಂದಕ್ಕೊಂದು ಕೂಡದಿರಲು ಇದೂ ಒಂದು ಕಾರಣ.

ಮಣ್ಣಿಲ್ಲದ್ದು ತಿಳಿಯಾಗಿದ್ದು ಸತ್ತ ಮಣ್ಣು ಮಾತ್ರ ಕೆಂಪಾದರೆ, ಕಾರಣ ಎರಡರಲ್ಲೊಂದು. ಒಂದು, ಮಣ್ಣು ಸತ್ತೇ ಇಲ್ಲ. ಒಂದು ಸಲದ ಆಟೋಕ್ಲೇವ್‌ನಲ್ಲಿ ಬ್ಯಾಸಿಲಸ್ ಜಾತಿಯ ಸ್ಪೋರುಗಳು ಉಳಿಯುತ್ತವೆ. 37 ಡಿಗ್ರಿ, ತೇವ, 24 ತಾಸು ಸಿಕ್ಕರೆ ಅವು ಮೊಳೆತು ಟಿಟಿಸಿಯನ್ನು ಕೆಂಪು ಮಾಡುತ್ತವೆ. 121 ಡಿಗ್ರಿಯಲ್ಲಿ 30 ನಿಮಿಷದಂತೆ ಮೂರು ದಿನ ಬಿಡದೆ ಮಾಡಬೇಕು. ನಡುವಿನ ರಾತ್ರಿಗಳಲ್ಲಿ ಕೋಣೆಯ ಶಾಖದಲ್ಲೇ ಇಟ್ಟರೆ ಸ್ಪೋರು ಮೊಳೆಯುತ್ತದೆ, ಮರುದಿನ ಸಾಯುತ್ತದೆ. ಫ್ರಿಜ್‌ನಲ್ಲಿ ಇಟ್ಟರೆ ಮೊಳೆಯುವುದಿಲ್ಲ, ಮೂರು ದಿನದ ಕೆಲಸ ವ್ಯರ್ಥ. ಈ ಟ್ಯೂಬಿಗೆ ಹಾಕುವ ಟಿಟಿಸಿಯನ್ನು 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಹಾಯಿಸಿರಿ.

ಎರಡು, ನಿಜವಾಗಿ ರಾಸಾಯನಿಕ ಕೆಂಪು. ಭತ್ತದ ಗದ್ದೆಯ ಮಣ್ಣಿನಲ್ಲಿ ಸಲ್ಫೈಡ್, ಫೆರಸ್ ಕಬ್ಬಿಣ, ಅರ್ಧ ಕೊಳೆತ ಕೂಳೆಯಿಂದ ಬಂದ ಸಾವಯವ ಪದಾರ್ಥ ಇರುತ್ತವೆ. ಜೊತೆಗೆ ಆಟೋಕ್ಲೇವ್ ಮಾಡಿದಾಗ ಮಣ್ಣಿನ ಸಾವಯವ ಭಾಗ ಒಡೆದು ಕರಗುವ ಸಕ್ಕರೆಗಳು ಹೊರಬರುತ್ತವೆ. ಕ್ಷಾರದಲ್ಲಿ ಸಕ್ಕರೆ ಟಿಟಿಸಿಯನ್ನು ಎಂಜೈಮ್ ಇಲ್ಲದೆಯೇ ಕೆಂಪು ಮಾಡುತ್ತದೆ. ನಿಮ್ಮ ಮಣ್ಣಿನ ಪಿಎಚ್ 8.5, ಅದರ ಮೇಲೆ ಕ್ಯಾಲ್ಸಿಯಂ ಕಾರ್ಬೋನೇಟ್. ನಮ್ಮ ಕಡೆಯ ಎರಿಗೆ ಅದು ಬೇಕಿಲ್ಲ. ಒಂದು ಚಿಟಿಕೆ ಮಣ್ಣಿಗೆ ಸಾರ ಕಡಿಮೆ ಇರುವ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ಬುಸ್ ಅಂತ ನೊರೆ ಬಂದರೆ ಸುಣ್ಣ ಮೊದಲೇ ಇದೆ. ಬಿಟ್ಟುಬಿಡಿ, ಆದರೆ 60 ಸ್ಯಾಂಪಲ್‌ಗೂ ಒಂದೇ ರೀತಿ ಬಿಡಿ, ವರದಿಯಲ್ಲೂ ಬರೆಯಿರಿ. ಪಿಎಚ್ 9 ದಾಟಿದ ಸೋಡಿಕ್ ತುಂಡುಗಳಿದ್ದರೆ ನೀರಿನ ಬದಲು ಪಿಎಚ್ 7.6ರ 0.1 ಮೋಲಾರ್ ಟ್ರಿಸ್ ಬಫರ್ ಬಳಸುವುದು ಲೇಸು.

ಈ ಎರಡು ಕಾರಣಗಳನ್ನು ಬೇರ್ಪಡಿಸುವುದು ಸುಲಭ. ಸತ್ತ ಮಣ್ಣಿನ ಒಂಬತ್ತು ಟ್ಯೂಬ್ ಇಟ್ಟು 2, 6, 24ನೇ ತಾಸಿಗೆ ಮೂರು ಮೂರರಂತೆ ತೆಗೆಯಿರಿ. ರಾಸಾಯನಿಕವಾದರೆ ಬಣ್ಣ ಮೊದಲ ಎರಡು ತಾಸಿನಲ್ಲೇ ಬಂದು ನಿಲ್ಲುತ್ತದೆ. ಸ್ಪೋರಾದರೆ ಮೊದಲು ಏನೂ ಇಲ್ಲ, ಕೊನೆಗೆ ಏರುತ್ತದೆ.

ಮಣ್ಣು ಕೊಲ್ಲಲು ಫಾರ್ಮಲಿನ್ ಹಾಕಲೇಬೇಡಿ. ಅದು ತಾನೇ ಎಲೆಕ್ಟ್ರಾನ್ ಕೊಡುವ ವಸ್ತು. ಸೋಡಿಯಂ ಅಜೈಡ್ ಕೂಡ ಬೇಡ. ಅದು ಉಸಿರಾಟದ ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ ಕಟ್ಟುತ್ತದೆ, ಡಿಹೈಡ್ರೋಜಿನೇಸ್ ತನ್ನ ಪಾಡಿಗೆ ನಡೆದಿರುತ್ತದೆ.

ಏರುಪೇರಿಗೆ ಮುಖ್ಯ ಕಾರಣ ನೀರು ಅನಿಸುತ್ತದೆ. ಕ್ಯಾಸಿಡಾ ಮತ್ತು ಜೊತೆಗಾರರು 1964ರಲ್ಲಿ ಕೊಟ್ಟ ಅಳತೆ ಅದು, ಆದರೆ ಬೆರೆಸಿದ ಮೇಲೆ ಮಣ್ಣಿನ ಮೇಲೆ ತೆಳ್ಳಗೆ ನೀರು ನಿಲ್ಲಬೇಕು ಅನ್ನುವುದು ಅದರ ಜೀವಾಳ. ಎರಿ ಮಣ್ಣು ಉಬ್ಬಿ 2.5 ಮಿಲಿಯನ್ನು ಕುಡಿದುಬಿಡುತ್ತದೆ. ಮೇಲೆ ಬಿರುಕು, ಒಳಗೆ ಗಾಳಿ. ಗಾಳಿಯ ಆಮ್ಲಜನಕ ಟಿಟಿಸಿಗಿಂತ ಮುಂಚೆ ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ, ಆ ಟ್ಯೂಬ್ ಪೇಲವವಾಗುತ್ತದೆ. 3.5 ಅಥವಾ 4 ಮಿಲಿ ನೀರು ಹಾಕಿ, ಗಾಜಿನ ಕಡ್ಡಿಯಿಂದ ಗುಳ್ಳೆ ಹೋಗುವವರೆಗೆ ಕಲಸಿ, ಬಿರಡೆ ಬಿಗಿಯಿರಿ. ಎಷ್ಟು ಹಾಕಿದರೂ ಎಲ್ಲ ಟ್ಯೂಬಿಗೂ ಅಷ್ಟೇ.

ಬಣ್ಣ ತೆಗೆಯುವಾಗ 10 ಮಿಲಿ ಮೆಥನಾಲ್ ಹಾಕಿ ಒಂದು ನಿಮಿಷ ಜೋರಾಗಿ ಅಲುಗಿಸಿ, ಹತ್ತಿ ತುರುಕಿದ ಗಾಜಿನ ಫನೆಲ್‌ನಲ್ಲಿ ಸೋಸಿ, ಹತ್ತಿಯಲ್ಲಿ ಕೆಂಪು ಉಳಿಯದವರೆಗೆ ತೊಳೆದು 100 ಮಿಲಿಗೆ ಮಾಡಿರಿ. ಎರಿಯ ಜೇಡಿ ಕೆಂಪನ್ನು ಹಿಡಿದುಕೊಳ್ಳುತ್ತದೆ. ಎರಡು ಸಲಕ್ಕೆ ಬಿಟ್ಟವರ ಲೆಕ್ಕ ಯಾವಾಗಲೂ ಕಡಿಮೆ ಬರುತ್ತದೆ.

ಹಳದಿ405, ಬಳ್ಳಾರಿ:

ಫಾಸ್ಫಟೇಸ್‌ನ ಕಂಟ್ರೋಲ್ 0.45 ಅಂದರೆ ಏನೆಂದು ಮೊದಲು ಲೆಕ್ಕ ಹಾಕೋಣ. ಪಿ-ನೈಟ್ರೋಫಿನಾಲ್ ಕ್ಷಾರದಲ್ಲಿ 405ರ ಹತ್ತಿರ ಮೋಲಾರ್‌ಗೆ ಸುಮಾರು 18,000 ಹೀರಿಕೆ ಕೊಡುತ್ತದೆ. ಕೊನೆಯ 10 ಮಿಲಿಯಲ್ಲಿ 50 ಮೈಕ್ರೋಗ್ರಾಂ ಇದ್ದರೆ ರೀಡಿಂಗ್ 0.65ರ ಆಸುಪಾಸು. ಹಾಗಾದರೆ 0.45 ಅಂದರೆ ಸುಮಾರು 35 ಮೈಕ್ರೋಗ್ರಾಂ, ಅಂದರೆ 0.25 ಮೈಕ್ರೋಮೋಲ್. ನೀವು ಹಾಕಿದ ಸಬ್‌ಸ್ಟ್ರೇಟ್ 0.05 ಮೋಲಾರ್‌ನದು 1 ಮಿಲಿ, ಅಂದರೆ 50 ಮೈಕ್ರೋಮೋಲ್. ಅದರಲ್ಲಿ ಶೇ. 0.5ರಷ್ಟು ತಾನಾಗಿ ಒಡೆದಿದ್ದರೂ ಸಾಕು, ಇಷ್ಟು ಹಳದಿ ಬರುತ್ತದೆ. ಬಾಟ್ಲಿಯ ಮೇಲೆ ಶುದ್ಧತೆ 99 ಅಂತ ಇದ್ದರೆ ಈ ತಪ್ಪು ಅದರೊಳಗೇ ಅಡಗಬಹುದು.

ಪರೀಕ್ಷೆ ಹತ್ತು ನಿಮಿಷದ್ದು. ಮಣ್ಣಿಲ್ಲದೆ ಬಫರ್ 4, ಸಬ್‌ಸ್ಟ್ರೇಟ್ 1, ಕ್ಯಾಲ್ಸಿಯಂ ಕ್ಲೋರೈಡ್ 1, ಸೋಡಿಯಂ ಹೈಡ್ರಾಕ್ಸೈಡ್ 4 ಮಿಲಿ, ಸೋಸಿ ಓದಿರಿ. ಹಳದಿ ಇದ್ದರೆ ಸಬ್‌ಸ್ಟ್ರೇಟ್ ಕೆಟ್ಟಿದೆ. ಪುಡಿಯನ್ನು ಸಿಲಿಕಾ ಜೆಲ್ ಜೊತೆ ಮೈನಸ್ 20ರಲ್ಲಿ ಇಡಬೇಕು, ಬಾಟ್ಲಿ ಕೋಣೆಯ ಶಾಖಕ್ಕೆ ಬಂದ ಮೇಲೆಯೇ ಮುಚ್ಚಳ ತೆಗೆಯಬೇಕು. ತಣ್ಣಗಿರುವಾಗ ತೆಗೆದರೆ ಗಾಳಿಯ ತೇವ ಒಳಗೆ ಇಳಿಯುತ್ತದೆ. ದ್ರಾವಣ ಅಂದಂದೇ ಮಾಡುವುದು ಒಳ್ಳೆಯದು.

ಹಾಗೇ ಬಾಟ್ಲಿಯ ಮೇಲೆ ಎಷ್ಟು ನೀರಿನ ಹರಳು ಅಂತ ಬರೆದಿದೆ ನೋಡ್ರಿ. ಪುಸ್ತಕದಲ್ಲಿ 50 ಮಿಲಿಗೆ 0.84 ಗ್ರಾಂ ಅಂತ ಇರುವುದು ಟೆಟ್ರಾಹೈಡ್ರೇಟ್‌ಗೆ. ಹೆಕ್ಸಾಹೈಡ್ರೇಟ್ ಆದರೆ 0.93 ಗ್ರಾಂ ಬೇಕು.

ಮಣ್ಣಿಲ್ಲದ್ದು ತಿಳಿಯಾಗಿದ್ದರೆ ತಪ್ಪು ಹಾಕುವ ಕ್ರಮದ್ದು. ಕಂಟ್ರೋಲ್ ಫ್ಲಾಸ್ಕಿಗೆ ಮಣ್ಣು, ಬಫರ್ ಹಾಕಿ ಒಂದು ತಾಸು ಇಟ್ಟು, ಕ್ಯಾಲ್ಸಿಯಂ ಕ್ಲೋರೈಡ್, ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ ಮೇಲೆಯೇ ಸಬ್‌ಸ್ಟ್ರೇಟ್, ಆ ಕೂಡಲೇ ಸೋಸಬೇಕು. ಸಬ್‌ಸ್ಟ್ರೇಟ್ ಮೊದಲೇ ಬಿದ್ದರೆ ಅದು ಕಂಟ್ರೋಲ್ ಅಲ್ಲ, ಇನ್ನೊಂದು ಸ್ಯಾಂಪಲ್.

ಕಂದು ಬಣ್ಣಕ್ಕೆ ಕಾರಣ ಹ್ಯೂಮಸ್. ಸೋಡಿಯಂ ಹೈಡ್ರಾಕ್ಸೈಡ್ ಮಣ್ಣಿನ ಹ್ಯೂಮಿಕ್ ಆಮ್ಲವನ್ನು ಎಳೆಯುತ್ತದೆ, ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡುತ್ತದೆ, ಕಾಗದದ ರಂಧ್ರ ಕಟ್ಟುತ್ತದೆ. 0.5 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಇರುವುದು ಇದನ್ನು ತಡೆಯಲು. ಅದು ಮೊದಲು ಬಿದ್ದು, ಫ್ಲಾಸ್ಕ್ ಒಮ್ಮೆ ತಿರುಗಿಸಿ, ಆಮೇಲೆ ಕ್ಷಾರ. ಹಿಂದುಮುಂದಾದರೆ ನಿಮಗಾದ ಹಾಗೆಯೇ ಆಗುತ್ತದೆ. ಕೆಲವು ಫ್ಲಾಸ್ಕಿನಲ್ಲಿ ಮಾತ್ರ ಕಂದು ಬಂದಿದೆ ಅಂದರೆ ಗಡಿಬಿಡಿಯಲ್ಲಿ ಎರಡು ಬಾಟ್ಲಿ ಅದಲು ಬದಲಾಗಿರಬೇಕು. ಬಾಟ್ಲಿಗಳ ಮೇಲೆ ದೊಡ್ಡದಾಗಿ 1, 2 ಅಂತ ಬರೆದಿಡಿ.

ಸ್ಟ್ಯಾಂಡರ್ಡ್ ಟ್ಯೂಬುಗಳಿಗೂ (ಗೊತ್ತಿರುವಷ್ಟು ಪಿ-ನೈಟ್ರೋಫಿನಾಲ್ ಹಾಕಿ ಅಳತೆಯ ಗೆರೆ ಎಳೆಯುವ ಟ್ಯೂಬುಗಳು) ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಸೋಸಬೇಕು. ಕ್ಷಾರ ಬಿದ್ದಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೆಳ್ಳಗೆ ಮಬ್ಬು ಕಟ್ಟುತ್ತದೆ. ಸೋಸದೆ ಓದಿದರೆ ಆ ಮಬ್ಬೂ ಹಳದಿಯ ಲೆಕ್ಕಕ್ಕೆ ಸೇರುತ್ತದೆ. ಲೀಟರಿಗೆ 1 ಗ್ರಾಂ ಪಿ-ನೈಟ್ರೋಫಿನಾಲ್ ಮಾಡಿಟ್ಟು, ಅದರಲ್ಲಿ 1 ಮಿಲಿಯನ್ನು 100ಕ್ಕೆ ತೆಗೆದುಕೊಂಡರೆ ಮಿಲಿಗೆ 10 ಮೈಕ್ರೋಗ್ರಾಂ. ಇದನ್ನು 0ಯಿಂದ 5 ಮಿಲಿವರೆಗೆ ತೆಗೆದು, ನೀರಿನಿಂದ 5 ಮಿಲಿಗೆ ಸರಿಮಾಡಿ, 1 ಮತ್ತು 4 ಮಿಲಿ ಅವೇ ರಿಯೇಜೆಂಟ್.

ಎರಿ ಮಣ್ಣಿನವರು ಬಿಡಲೇಬಾರದ ಕೆಲಸ ಒಂದಿದೆ. 1 ಗ್ರಾಂ ಮಣ್ಣಿಗೆ ಸಬ್‌ಸ್ಟ್ರೇಟ್ ಹಾಕದೆ, ಗೊತ್ತಿರುವ 30 ಮೈಕ್ರೋಗ್ರಾಂ ಪಿ-ನೈಟ್ರೋಫಿನಾಲ್ ಹಾಕಿ, ಒಂದು ತಾಸು ಇಟ್ಟು, ಮಾಮೂಲಿನಂತೆ ತೆಗೆದು ಎಷ್ಟು ವಾಪಸ್ ಬಂತು ನೋಡಬೇಕು. 27ಕ್ಕಿಂತ ಕಡಿಮೆ ಬಂದರೆ ಜೇಡಿ ನುಂಗಿದೆ. ಆಗ ಸ್ಟ್ಯಾಂಡರ್ಡ್ ಗೆರೆಯನ್ನು ಬರೀ ನೀರಿನಲ್ಲಿ ಎಳೆಯದೆ ಆ ಮಣ್ಣಿನ ಜೊತೆಗೇ ಎಳೆಯಬೇಕು. ಭತ್ತದ ಮಣ್ಣಿಗೊಂದು, ತೊಗರಿ ಹೊಲಕ್ಕೊಂದು.

ಗದ್ದೆಗೆ ಡಿಎಪಿ ಎಸೆದು ಎಷ್ಟು ದಿನವಾಗಿದೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಫಾಸ್ಫೇಟ್ ಈ ಎಂಜೈಮಿನ ಬಾಯಿಗೇ ಕೂತು ತಡೆಯುತ್ತದೆ. ಹೊಸದಾಗಿ ಗೊಬ್ಬರ ಬಿದ್ದ ಗದ್ದೆಯ ರೀಡಿಂಗ್ ಕಡಿಮೆ ಬಂದರೆ ಮಣ್ಣು ಬಡವಾಯಿತು ಅಂತ ಅರ್ಥವಲ್ಲ.

ಕ್ಯೂವೆಟ್, ಕೊಪ್ಪಳ:

ಇಬ್ಬರೂ ಹೇಳಿದ್ದು ಸರಿ ಐತಿ. ಶಾಖ ಮತ್ತು ಖರ್ಚಿನ ಮಾತು ನಾನು ಸೇರಿಸ್ತೀನಿ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮೂರೂ ಜಿಲ್ಲೆಯಲ್ಲಿ ಹೊರಗೆ 40 ದಾಟುತ್ತದೆ. ಬರೀ ಹೀಟರ್ ಇರುವ ಇನ್‌ಕ್ಯುಬೇಟರ್ ಕೋಣೆಗಿಂತ ತಣ್ಣಗಾಗಲಾರದು. ಡಯಲ್ 37 ತೋರಿಸಿದರೂ ಒಳಗೆ 41 ಇರಬಹುದು. ಕಂಪ್ರೆಸರ್ ಇರುವ ಬಿಒಡಿ ಇನ್‌ಕ್ಯುಬೇಟರ್ ಬೇಕು. ಕರೆಂಟ್ ಹೋಗಿ ಬರುವ ಕಡೆ ಕೆಳ ತಟ್ಟೆಯಲ್ಲಿ ನೀರು ತುಂಬಿದ ನಾಲ್ಕೈದು ಬಾಟ್ಲಿ ಇಟ್ಟರೆ ಶಾಖ ಬೇಗ ಜಾರದು. ಒಳಗೆ ಮ್ಯಾಕ್ಸಿಮಮ್-ಮಿನಿಮಮ್ ಥರ್ಮಾಮೀಟರ್ ಇರಲಿ. ಒಂದು ತಾಸಿನ ಫಾಸ್ಫಟೇಸ್‌ಗಂತೂ ವಾಟರ್ ಬಾತ್ ಉತ್ತಮ. ಗಾಳಿಯಲ್ಲಿ ಇಟ್ಟ ಫ್ಲಾಸ್ಕ್ 37ಕ್ಕೆ ಬರುವಷ್ಟರಲ್ಲಿ ತಾಸಿನ ಒಂದು ಪಾಲು ಹೋಗಿರುತ್ತದೆ.

ಮೆಥನಾಲ್ ಉಳಿಸಲು 1 ಗ್ರಾಂ ಮಣ್ಣಿನ ವಿಧಾನ ಹಿಡಿಯಿರಿ. ಮುಚ್ಚಳ ತಿರುಗಿಸುವ 15 ಮಿಲಿ ಗಾಜಿನ ಟ್ಯೂಬಿಗೆ 1 ಗ್ರಾಂ ಮಣ್ಣು, 3% ಟಿಟಿಸಿ 0.2 ಮಿಲಿ, ನೀರು 0.5 ಮಿಲಿ, ಎರಿಯಾದರೆ ಮೇಲೆ ನೀರು ನಿಲ್ಲುವಷ್ಟು ಇನ್ನೂ ಸ್ವಲ್ಪ. 24 ತಾಸಿನ ಮೇಲೆ 10 ಮಿಲಿ ಮೆಥನಾಲ್, ಅಲುಗಿಸಿ ಕತ್ತಲಲ್ಲಿ ಆರು ತಾಸು ಬಿಟ್ಟು ಮೇಲಿನ ತಿಳಿ ಓದುವುದು. 180 ಟ್ಯೂಬಿಗೆ ನಿಮ್ಮ ಈಗಿನ ರೀತಿಯಲ್ಲಿ 18 ಲೀಟರ್ ಮೆಥನಾಲ್, 5.4 ಗ್ರಾಂ ಟಿಟಿಸಿ ಬೇಕು. ಇದರಲ್ಲಿ 1.8 ಲೀಟರ್ ಮತ್ತು 1.08 ಗ್ರಾಂ ಸಾಕು, ಕಂಟ್ರೋಲ್‌ಗಳದ್ದು ಬೇರೆ. ಆದರೆ 1 ಗ್ರಾಂನಲ್ಲಿ ಒಂದು ಬೇರಿನ ಚೂರು ಬಂದರೂ ರೀಡಿಂಗ್ ಹಾರುತ್ತದೆ. 2 ಮಿಮೀ ಜರಡಿ ಹಿಡಿದು, ಹಾಳೆಯ ಮೇಲೆ ಹರಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಉಳಿಸಿಕೊಳ್ಳುತ್ತಾ ಬನ್ನಿ. ಗದ್ದೆಯ ಮಣ್ಣನ್ನು ಬಿಸಿಲಿಗೆ ಒಣಗಿಸಬೇಡಿ, ಜೀವ ಹೋಗುತ್ತದೆ. ಹಸಿಯಾಗೇ ತೂಗಿ, ಬೇರೆ 10 ಗ್ರಾಂ ಅನ್ನು 105 ಡಿಗ್ರಿ ಒಲೆಯಲ್ಲಿ ಒಣಗಿಸಿ ತೇವದ ಲೆಕ್ಕ ತೆಗೆಯಿರಿ.

ಈ ಸಣ್ಣ ವಿಧಾನದಲ್ಲಿ ಎಲ್ಲರೂ ಎಡವುವ ಜಾಗ ಲೆಕ್ಕದ್ದು. ಟ್ಯೂಬಿನಲ್ಲಿರುವುದು 10 ಮಿಲಿ ಅಲ್ಲ, ಮೊದಲು ಹಾಕಿದ 0.7 ಸೇರಿ 10.7 ಮಿಲಿ. ಟಿಪಿಎಫ್‌ನ ಸ್ಟ್ಯಾಂಡರ್ಡ್ ಗೆರೆಯಿಂದ ಮಿಲಿಗೆ 8 ಮೈಕ್ರೋಗ್ರಾಂ ಬಂದರೆ ಒಟ್ಟು 80 ಅಲ್ಲ, 85.6. ಮಣ್ಣಿನ ತೇವ ಜಾಸ್ತಿ ಇದ್ದರೆ ಅದನ್ನೂ ಕೂಡಿಸಬೇಕು. ಒಣ ತೂಕದ ಮೇಲೆ ಶೇ. 25 ತೇವ ಇದ್ದ 1 ಗ್ರಾಂ ಹಸಿ ಮಣ್ಣಿನಲ್ಲಿ ಒಣ ಮಣ್ಣು 0.8 ಗ್ರಾಂ, ನೀರು 0.2. ಆಗ ಒಟ್ಟು 10.9 ಮಿಲಿ, 87.2 ಮೈಕ್ರೋಗ್ರಾಂ, 0.8ರಿಂದ ಭಾಗಿಸಿದರೆ ಗ್ರಾಂಗೆ 109. 0.7 ಮಿಲಿ, ತೇವ ಎರಡನ್ನೂ ಮರೆತವರ ಉತ್ತರ 80, ಇದು 109. ಇಷ್ಟು ಅಂತರದಲ್ಲಿ ನೀರಾವರಿ, ಮಳೆಯಾಶ್ರಿತ ಅನ್ನುವ ಹೋಲಿಕೆಯೇ ಉಲ್ಟಾ ಆಗಬಹುದು.

ಮೆಥನಾಲ್ 64.7 ಡಿಗ್ರಿಗೇ ಕುದಿಯುವಂಥದ್ದು, ಬೇಸಿಗೆಯ ಕೋಣೆಯಲ್ಲಿ ಫ್ಯಾನ್ ಕೆಳಗೆ ತೆರೆದಿಟ್ಟರೆ ಕಣ್ಣೆದುರೇ ಆರಿ ಬಣ್ಣ ಗಟ್ಟಿಯಾಗುತ್ತದೆ. ಮುಚ್ಚಿಡಿ, ಬೇಗ ಓದಿರಿ. ಗಾಜಿನ ಕ್ಯೂವೆಟ್ ಬಳಸಿರಿ, ಸೊನ್ನೆಯನ್ನು ಮೆಥನಾಲ್‌ನಲ್ಲಿ ಹೊಂದಿಸಿರಿ. ರೀಡಿಂಗ್ 0.1ರಿಂದ 0.8ರ ಒಳಗಿರಲಿ, ಹೆಚ್ಚಾದರೆ ಮೆಥನಾಲ್‌ನಿಂದಲೇ ತೆಳು ಮಾಡಿರಿ, ನೀರು ಹಾಕಿದರೆ ಟಿಪಿಎಫ್ ಕೂತುಬಿಡುತ್ತದೆ. ಇದು ಕಣ್ಣಿಗೆ, ನರಕ್ಕೆ ವಿಷ. ಬಾಯಿಯಿಂದ ಪಿಪೆಟ್ ಎಳೆಯುವುದು ಬೇಡವೇ ಬೇಡ, ಬರ್ನರ್ ದೂರ ಇರಲಿ.

ಎರಿಮಣ್ಣು, ರಾಯಚೂರು:

ಭಾಳ ಉಪಕಾರ ಆಯ್ತು ರೀ ಮೂವರಿಗೂ. ಹೇಳಿದ್ದನ್ನು ಮಾಡಿ ನೋಡಿದೆ.

ಪಿಎನ್‌ಪಿಪಿ: ಮಣ್ಣಿಲ್ಲದ ಟ್ಯೂಬೇ 0.38. ಬಾಟ್ಲಿ ಹೆಕ್ಸಾಹೈಡ್ರೇಟ್, ತೂಗಿದ್ದು 0.84 ಗ್ರಾಂ. ಕಂದು ಬಂದ ಫ್ಲಾಸ್ಕುಗಳಲ್ಲಿ ಕ್ಷಾರವೇ ಮೊದಲು ಬಿದ್ದಿತ್ತು.

ಟಿಟಿಸಿ: ಮಣ್ಣಿಲ್ಲದ್ದು 0.00. ಮೂರು ದಿನ ಆಟೋಕ್ಲೇವ್ ಮಾಡುವ ಮುಂಚೆ ಹಳೆಯ ರೀತಿಯ ಸತ್ತ ಮಣ್ಣನ್ನೇ ತಾಸಿನ ಲೆಕ್ಕದಲ್ಲಿ ತೆಗೆದೆ. ಗದ್ದೆಯದು 2 ತಾಸಿಗೆ 0.09, 6ಕ್ಕೆ 0.11, 24ಕ್ಕೆ 0.12. ತೊಗರಿ ಹೊಲದ್ದು 0.00, 0.01, 0.10.

ಗದ್ದೆಯದು ರಾಸಾಯನಿಕ, ಹೊಲದ್ದು ಸ್ಪೋರು ಅಂತ ಓದಬಹುದೇ? ಹಾಗಾದರೆ ಗದ್ದೆಯ 0.12ನ್ನು ಜೀವಂತ ಮಣ್ಣಿನ ರೀಡಿಂಗ್‌ನಿಂದ ಕಳೆದರೆ ಸಾಕೇ? ಟಿಟಿಸಿ ಬದಲು ಐಎನ್‌ಟಿ (ಅದೇ ಜಾತಿಯ ಇನ್ನೊಂದು ಟೆಟ್ರಜೋಲಿಯಂ ಲವಣ) ಬಳಸಿದರೆ ಈ ಗೋಳು ತಪ್ಪುತ್ತದೆಯೇ?

ಹಳದಿ405, ಬಳ್ಳಾರಿ:

0.45ರಲ್ಲಿ 0.38 ಸಬ್‌ಸ್ಟ್ರೇಟಿನದೇ. ಉಳಿದ 0.07 ಎರಿಯ ಹ್ಯೂಮಸ್‌ಗೆ ಸಹಜ, ಅದನ್ನು ಕಂಟ್ರೋಲ್ ಕಳೆಯುತ್ತದೆ. ಹೊಸ ಬಾಟ್ಲಿ ತರಿಸಿರಿ. ಹಳೆಯದರಲ್ಲಿ ಮಾಡಿದ ರೀಡಿಂಗುಗಳಿಂದ 0.38 ಕಳೆದು ಉಳಿಸಿಕೊಳ್ಳುವ ಆಸೆ ಬೇಡ, ಆ ಬಾಟ್ಲಿ ದಿನದಿನಕ್ಕೆ ಇನ್ನಷ್ಟು ಒಡೆಯುತ್ತಿರುತ್ತದೆ. 0.84 ತೂಗಿದ್ದರಿಂದ ಸಾಂದ್ರತೆ 0.045 ಮೋಲಾರ್ ಆಗಿದೆ. ಅಷ್ಟು ಸಬ್‌ಸ್ಟ್ರೇಟಿನಲ್ಲಿ ಎಂಜೈಮ್ ಹೆಚ್ಚುಕಡಿಮೆ ಹೊಟ್ಟೆ ತುಂಬಿಯೇ ಇರುತ್ತದೆ, ವೇಗ ಹೆಚ್ಚೇನೂ ಇಳಿಯದು. ಆದರೂ ಮುಂದೆ 0.93.

ಮುಂದೆ ಬೀಟಾ-ಗ್ಲುಕೋಸಿಡೇಸ್ (ಸೆಲ್ಯುಲೋಸ್ ತುಂಡಿನಿಂದ ಗ್ಲುಕೋಸ್ ಬಿಡಿಸುವ ಎಂಜೈಮ್) ಮಾಡುವ ವಿಚಾರ ಇದ್ದರೆ ಇದೇ ಸೋಡಿಯಂ ಹೈಡ್ರಾಕ್ಸೈಡ್ ಬಳಸಬೇಡಿ. ಆ ಸಬ್‌ಸ್ಟ್ರೇಟ್ ಗಟ್ಟಿ ಕ್ಷಾರದಲ್ಲಿ ತಾನೇ ಒಡೆದು ನಿಧಾನವಾಗಿ ಹಳದಿಯಾಗುತ್ತಾ ಹೋಗುತ್ತದೆ. ಅಲ್ಲಿ ಪಿಎಚ್ 12ರ 0.1 ಮೋಲಾರ್ ಟ್ರಿಸ್.

ಕಪ್ಪುನೆಲ, ಗಂಗಾವತಿ:

ನೀವು ಓದಿದ್ದು ಸರಿ. ಹೊಲದ ಮಣ್ಣಿನ 0.10 ಅನ್ನು ಕಳೆಯಬಾರದು, ಅದು ಕಂಟ್ರೋಲ್‌ನ ಒಳಗೇ ಬೆಳೆದ ಜೀವ. ಮೂರು ದಿನ ಆಟೋಕ್ಲೇವ್ ಮಾಡಿ ಮತ್ತೆ ನೋಡಿರಿ, ಸೊನ್ನೆಯ ಹತ್ತಿರ ಬರಬೇಕು. ಒಂದು ಲೂಪ್ ಮಣ್ಣನ್ನು ನ್ಯೂಟ್ರಿಯೆಂಟ್ ಅಗಾರ್ ಮೇಲೆ ಎಳೆದಿಟ್ಟರೆ ಸತ್ತಿದೆಯೋ ಇಲ್ಲವೋ ಮರುದಿನ ಗೊತ್ತಾಗುತ್ತದೆ.

ಗದ್ದೆಯದನ್ನು ಸುಮ್ಮನೆ ಕಳೆಯಲು ನನಗೆ ಮನಸ್ಸಿಲ್ಲ. ಆ 0.12ರಲ್ಲಿ ಗದ್ದೆಯಲ್ಲೇ ಇದ್ದ ಸಲ್ಫೈಡಿನ ಪಾಲೆಷ್ಟು, ಆಟೋಕ್ಲೇವ್ ಹೊರಹಾಕಿದ ಸಕ್ಕರೆಯ ಪಾಲೆಷ್ಟು ಅಂತ ಬೇರೆ ಮಾಡಲಾಗದು. ಎರಡನೆಯದು ಜೀವಂತ ಮಣ್ಣಿನಲ್ಲಿ ಇಲ್ಲವೇ ಇಲ್ಲ, ಇಲ್ಲದ್ದನ್ನು ಕಳೆದಂತಾಗುತ್ತದೆ. ರಾಸಾಯನಿಕ ಕೆಂಪು ಆರು ತಾಸಿಗೆ ಬಹುಪಾಲು ಮುಗಿದಿದೆ ಅಂತ ನಿಮ್ಮ ಅಂಕಿಯೇ ಹೇಳುತ್ತದೆ. ಜೀವಂತ ಮಣ್ಣನ್ನೂ 6 ಮತ್ತು 24ನೇ ತಾಸಿಗೆ ತೆಗೆದು ಆ ಎರಡರ ಅಂತರವನ್ನು 18ರಿಂದ ಭಾಗಿಸಿರಿ. ತಾಸಿನ ದರ ಅದೇ. ಟ್ಯೂಬ್ ಇಮ್ಮಡಿ ಆಗುತ್ತವೆ, 1 ಗ್ರಾಂ ವಿಧಾನದಲ್ಲಿ ಅದು ಹೊರೆಯಲ್ಲ.

ಐಎನ್‌ಟಿ ಚುರುಕು, ಆಮ್ಲಜನಕದ ಜೊತೆ ಅಷ್ಟಾಗಿ ಪೈಪೋಟಿಗೆ ಬೀಳದು. 1 ಗ್ರಾಂ ಮಣ್ಣು, ಪಿಎಚ್ 7ರ 1 ಮೋಲಾರ್ ಟ್ರಿಸ್ 1.5 ಮಿಲಿ, 0.5% ಐಎನ್‌ಟಿ 2 ಮಿಲಿ, 40 ಡಿಗ್ರಿಯಲ್ಲಿ ಎರಡೇ ತಾಸು, ಕತ್ತಲಲ್ಲಿ. ಡೈಮಿಥೈಲ್ ಫಾರ್ಮಮೈಡ್ ಮತ್ತು ಎಥನಾಲ್ ಸಮಸಮ ಬೆರೆಸಿದ 10 ಮಿಲಿಯಲ್ಲಿ ತೆಗೆದು 464ರಲ್ಲಿ ಓದುವುದು. ತೊಗರಿ ಹೊಲಕ್ಕೆ ಇದು ಒಳ್ಳೆಯದು. ಗದ್ದೆಗೆ ಅಲ್ಲ. ಬೇಗ ಎಲೆಕ್ಟ್ರಾನ್ ಹಿಡಿಯುವ ವಸ್ತು ಸಲ್ಫೈಡಿನಿಂದಲೂ ಬೇಗ ಹಿಡಿಯುತ್ತದೆ, ಮೊದಲ ಎರಡು ತಾಸಿನಲ್ಲೇ ನಿಮ್ಮ ರಾಸಾಯನಿಕ ಕೆಂಪು ಬರುವುದು. ಡೈಮಿಥೈಲ್ ಫಾರ್ಮಮೈಡ್ ಚರ್ಮದ ಮೂಲಕ ಒಳಗಿಳಿಯುತ್ತದೆ, ಗರ್ಭಿಣಿಯರು ಅದರ ಹತ್ತಿರ ಕೆಲಸ ಮಾಡಬಾರದು. ಒಂದು ಮಣ್ಣಿಗೆ ಟಿಟಿಸಿ, ಇನ್ನೊಂದಕ್ಕೆ ಐಎನ್‌ಟಿ ಮಾಡಿ ಅಂಕಿ ಹೋಲಿಸುವುದಂತೂ ಸಲ್ಲದು.

ಕ್ಯೂವೆಟ್, ಕೊಪ್ಪಳ:

6 ಮತ್ತು 24ರ ಅಂತರ ತೆಗೆಯುವುದು ಸರಿ ಅನಿಸ್ತದ, ಒಂದು ಷರತ್ತು: ಗ್ಲುಕೋಸ್ ಹಾಕಬಾರದು. ಕೆಲವು ಕೈಪಿಡಿಗಳಲ್ಲಿ 0.5 ಮಿಲಿ ನೀರಿನ ಬದಲು 1% ಗ್ಲುಕೋಸ್ ಇರುತ್ತದೆ. ಅದು ಹಾಕಿದರೆ ಜೀವಿಗಳು 24 ತಾಸಿನಲ್ಲಿ ಹೆಚ್ಚಿಕೊಂಡು ಗೆರೆ ಮೇಲಕ್ಕೆ ಬಾಗುತ್ತದೆ, 18ರಿಂದ ಭಾಗಿಸಿದ್ದಕ್ಕೆ ಅರ್ಥ ಇರುವುದಿಲ್ಲ. ಒಂದು ಸ್ಯಾಂಪಲ್‌ಗಾದರೂ 12ನೇ ತಾಸಿನ ಟ್ಯೂಬ್ ಇಟ್ಟು 6, 12, 24 ಒಂದೇ ಗೆರೆಯಲ್ಲಿ ಕೂರುತ್ತವೆಯೇ ನೋಡಿಕೊಳ್ಳಿ.

ಗದ್ದೆಯವರನ್ನು ತಾಮ್ರದ ಔಷಧ ಹೊಡೆದಿದ್ದಾರೆಯೇ ಅಂತ ಕೇಳಿರಿ. ತಾಮ್ರ ಟಿಪಿಎಫ್ ಜೊತೆ ಸೇರಿ 485ರಲ್ಲಿ ಬಣ್ಣ ಇಳಿಸುತ್ತದೆ. ಎಂಜೈಮ್ ಸತ್ತಿರುವುದಿಲ್ಲ, ಕೆಂಪು ಮಾತ್ರ ಕಾಣೆಯಾಗಿರುತ್ತದೆ. ಅನುಮಾನ ಇದ್ದರೆ ಆ ಮಣ್ಣಿಗೆ ಗೊತ್ತಿರುವಷ್ಟು ಟಿಪಿಎಫ್ ಹಾಕಿ ಮೆಥನಾಲ್‌ನಲ್ಲಿ ವಾಪಸ್ ತೆಗೆದು ನೋಡಿರಿ, ಮೇಲೆ ಪಿ-ನೈಟ್ರೋಫಿನಾಲ್‌ಗೆ ಹೇಳಿದ ಹಾಗೆಯೇ. ಯೂರಿಯಾ ಎಸೆದ ವಾರದಲ್ಲಿ ತೆಗೆದ ಮಣ್ಣಾದರೆ ನೈಟ್ರೇಟ್ ಕೂಡ ಎಲೆಕ್ಟ್ರಾನ್‌ಗೆ ಕೈಯೊಡ್ಡುತ್ತದೆ, ತೊಗರಿ ಹೊಲಕ್ಕಿಂತ ಗದ್ದೆಯಲ್ಲಿ ಅದು ಕಡಿಮೆ. ಗೊಬ್ಬರ, ಔಷಧ, ನೀರು ಬಿಟ್ಟ ತಾರೀಖು ಮೂರನ್ನೂ ಸ್ಯಾಂಪಲ್ ಚೀಟಿಯ ಮೇಲೇ ಬರೆದು ಹಚ್ಚಿರಿ.

ಎರಿಮಣ್ಣು, ರಾಯಚೂರು:

ತಾಮ್ರದ ಔಷಧ ಎರಡು ಗದ್ದೆಗೆ ಹೊಡೆದಿದ್ದಾರೆ. ಆ ಎರಡನ್ನು ಬೇರೆ ಇಟ್ಟು ಟಿಪಿಎಫ್ ವಾಪಸಾತಿ ಮಾಡಿ, ಅಂಕಿ ಇಲ್ಲಿಯೇ ಹಾಕುತ್ತೇನೆ. ಹೊಸ ಪಿಎನ್‌ಪಿಪಿ ಬರುವವರೆಗೆ ಫಾಸ್ಫಟೇಸ್ ನಿಲ್ಲಿಸಿದ್ದೇನೆ.